ಚಿಮಟದಕ್ಕನ ಕೈಗುಣ

ಪ್ರಯೋಗಶಾಲೆಯ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಗೋಡೆಯ ಮೇಲೆ ಒಂದು ಫೋಟೋ ತೂಗುಹಾಕಿದ್ದಾರೆ. ಅದರಲ್ಲಿ ಮುಖವಿಲ್ಲ, ಬರೀ ಎರಡು ಕೈ. ಎಡಗೈಯಲ್ಲಿ ಪುಟ್ಟ ಗಾಜಿನ ತಟ್ಟೆ, ಬಲಗೈಯಲ್ಲಿ ಚಿಮಟ, ಚಿಮಟದ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟಗಲದ ಚಿನ್ನದ ಹೊಳಪಿನ ಒಂದು ಚೂರು. ಫೋಟೋ ತೆಗೆಯಲು ಬಂದವನು, ಗ್ಲೌಸ್ ತೆಗೀರಿ, ಕೈ ಕಾಣಬೇಕು ಎಂದು ಹಟ ಹಿಡಿದಿದ್ದ. ಗ್ಲೌಸಿಲ್ಲದೆ ಹತ್ತು ನಿಮಿಷ ಹಿಡಿದುಕೊಂಡು ಕೂತ ಆ ಚೂರು ಆಮೇಲೆ ಯಾವ ಕೆಲಸಕ್ಕೂ ಬರಲಿಲ್ಲ, ಅದು ಬೇರೆ ಮಾತು. ಫೋಟೋದ ಕೆಳಗೆ ‘ಈ ಕೈಗಳಿಗೆ ನಾವು ಋಣಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ.

ಆ ಕೈಗಳ ಒಡತಿ ದಿನಕ್ಕೆ ಏನಿಲ್ಲವೆಂದರೂ ಎಂಟು ಸಲ ಅದರ ಮುಂದೆ ಹಾಯುತ್ತಾಳೆ. ಮೊದಮೊದಲು ಯಾರೂ ಇಲ್ಲದ ಹೊತ್ತು ನೋಡಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಈಗ ಎದುರು ಗೋಡೆಗೆ ಸಿಕ್ಕಿಸಿರುವ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೇ ನೋಡಿಕೊಂಡು ಹೋಗುತ್ತಾಳೆ. ಆ ಸಿಲಿಂಡರಿನ ಮೇಲೆ ಏನೇನು ಬರೆದಿದೆಯೋ ಅಷ್ಟೂ ಅವಳಿಗೆ ಬಾಯಿಪಾಠವಾಗಿದೆ.

ಅವಳು ಇಲ್ಲಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆಂದು ಸೇರಿದವಳು. ಮೂರು ವರ್ಷದಲ್ಲಿ ಒಂದೇ ಒಂದು ಲೋಟವನ್ನೂ ಒಡೆಯಲಿಲ್ಲವೆಂದು ಅವಳ ಕೈಗೆ ಚಿಮಟ ಕೊಟ್ಟರು. ಅಂದಿನಿಂದ ಅವಳು ಓದಲು ಬರುವ ಮಕ್ಕಳಿಗೆಲ್ಲ ಚಿಮಟದಕ್ಕ. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಇರಬಹುದು, ಅದನ್ನು ಹಿಡಿದು ಕೂಗಿದರೆ ಅವಳೇ ಹಿಂದಿರುಗಿ ನೋಡುವುದು ಅನುಮಾನ.

ಮನೆಯಲ್ಲಿ ಅವಳ ಜೊತೆಗಿರುವುದು ನಾದಿನಿ, ತೀರಿಹೋದ ಗಂಡನ ತಂಗಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಮದುವೆಯಾಗಲಿಲ್ಲ, ಆಗಬೇಕೆಂದು ಅನ್ನಿಸಲೂ ಇಲ್ಲವಂತೆ. ನಾಲಿಗೆ ಮಾತ್ರ ಕತ್ತರಿಗಿಂತ ಚೂಪು. ಅತ್ತಿಗೆ ನಾದಿನಿಯರು ಒಂದು ಮುದ್ರಣದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಹನ್ನೊಂದು ವರ್ಷದಿಂದ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ಜಗಳಕ್ಕೆ ಕಾರಣ ಒಂದೇ, ಅತ್ತಿಗೆ ಏನನ್ನೂ ಚೆಲ್ಲುವುದಿಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಾಳೆ. ಎಣ್ಣೆ ಪ್ಯಾಕೆಟ್ಟನ್ನು ಕತ್ತರಿಸಿ ಬೆರಳು ಹಾಕಿ ಬಳಿಯುತ್ತಾಳೆ. ಒಂದು ಸಲ ಪಾತ್ರೆ ತೊಳೆದ ನೀರಿನಲ್ಲಿ ಇನ್ನೂ ನಾಲ್ಕು ಪಾತ್ರೆ ಅದ್ದಿ ತೆಗೆಯದಿದ್ದರೆ ಅವಳಿಗೆ ತಿಂದ ಅನ್ನ ಅರಗುವುದಿಲ್ಲ. ನಾದಿನಿ ಅವಳನ್ನು ಮುಖದೆದುರೇ ‘ಜಿಡ್ಡಮ್ಮ’ ಎಂದು ಕರೆಯುತ್ತಾಳೆ.

ಈಗ ಅವಳ ಕೆಲಸ ಏನೆಂದು ಹೇಳಬೇಕು. ಗಾಜಿನ ಚೂರಿಗೆ ತೀರಾ ತೆಳ್ಳಗೆ ಚಿನ್ನ ಬಳಿದಿರುತ್ತಾರೆ. ಒಂದು ಜಾತಿಯ ಅಣು ಇದೆ, ಅದರ ತಲೆಯಲ್ಲಿ ಗಂಧಕ, ಹಿಂದೆ ಎಣ್ಣೆಯಂಥ ಉದ್ದನೆಯ ಬಾಲ. ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಚಿನ್ನದ ಚೂರನ್ನು ಮುಳುಗಿಸಿಟ್ಟರೆ ಗಂಧಕ ಹೋಗಿ ಚಿನ್ನವನ್ನು ಕಚ್ಚಿಕೊಳ್ಳುತ್ತದೆ, ಬಾಲ ಮೇಲಕ್ಕೆದ್ದು ನಿಲ್ಲುತ್ತದೆ. ಯಾರೂ ಸಾಲು ಹಿಡಿಸಬೇಕಾಗಿಲ್ಲ, ತಮ್ಮಷ್ಟಕ್ಕೆ ತಾವೇ ಭುಜಕ್ಕೆ ಭುಜ ತಾಗಿಸಿ ಒತ್ತಾಗಿ ನಿಂತುಬಿಡುತ್ತವೆ. ಒಂದೇ ಒಂದು ಅಣುವಿನಷ್ಟು ದಪ್ಪದ ಪದರ, ಕಣ್ಣಿಗೆ ಕಾಣುವ ಮಾತೇ ಇಲ್ಲ. ಇದೆಯೋ ಇಲ್ಲವೋ ತಿಳಿಯಬೇಕಾದರೆ ಮೇಲೆ ಒಂದು ಹನಿ ನೀರು ಬಿಡಬೇಕು. ಪದರ ಗಟ್ಟಿಯಾಗಿದ್ದರೆ ಹನಿ ಮುತ್ತಿನ ಹಾಗೆ ಉರುಟಾಗಿ ಕೂರುತ್ತದೆ. ಪದರ ಕಿತ್ತುಹೋಗಿದ್ದರೆ ಸೋಮಾರಿಯ ಹಾಗೆ ಚಪ್ಪಟೆ ಬೀಳುತ್ತದೆ. ಹನಿಯ ಅಂಚು ಎಷ್ಟು ಡಿಗ್ರಿ ಎದ್ದಿದೆಯೆಂದು ಒಂದು ಕ್ಯಾಮೆರಾ ಅಳೆಯುತ್ತದೆ. ನೂರ ಹತ್ತು ಬಂದರೆ ಆರೋಗ್ಯ, ಎಂಬತ್ತಕ್ಕಿಳಿದರೆ ಕಾಯಿಲೆ.

ತೊಂದರೆ ಇರುವುದು ಬಾಳಿಕೆಯಲ್ಲಿ. ಗಾಳಿ ಬೆಳಕು ತಾಗಿದರೆ ಗಂಧಕ ಕೆಡುತ್ತದೆ, ಹಿಡಿತ ಸಡಿಲವಾಗುತ್ತದೆ, ಅಣುಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಎಲ್ಲರ ಪದರವೂ ಎರಡು ಮೂರು ವಾರಕ್ಕೆ ಸುಸ್ತು. ಚಿಮಟದಕ್ಕನ ಡಬ್ಬಿಯಲ್ಲಿದ್ದ ಹನ್ನೆರಡು ಚೂರುಗಳ ಪದರ ಮಾತ್ರ ಹನ್ನೊಂದು ತಿಂಗಳಾದರೂ ನೂರೆಂಟರಿಂದ ಕೆಳಗಿಳಿಯಲಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಅವಳು ಆ ಚೂರುಗಳನ್ನು ಹೊರಗೆ ತೆಗೆಯುತ್ತಿದ್ದಳು. ತನ್ನ ನೀಲಿ ಮುಚ್ಚಳದ ಬಾಟಲಿಯಿಂದ ತಟ್ಟೆಗೆ ಆಲ್ಕೋಹಾಲ್ ಸುರಿದು, ಧೂಳು ಹೋಗಲೆಂದು ಕಾಲು ಗಂಟೆ ಅದರಲ್ಲಿ ಮಲಗಿಸಿ, ನೈಟ್ರೋಜನ್ ಊದಿ ಒಣಗಿಸಿ, ಹನಿ ಬಿಟ್ಟು ಅಳೆದು, ಮತ್ತೆ ಡಬ್ಬಿಗೆ ಇಡುತ್ತಿದ್ದಳು. ಇದರ ಬಗ್ಗೆ ಇಲ್ಲಿಂದ ಹೋದ ಲೇಖನ ಓದಿದ ದೂರದ ಪ್ರಯೋಗಶಾಲೆಯವರು ಇದೇ ಕ್ರಮದಲ್ಲಿ ಮಾಡಿ ನೋಡಿ, ನಮ್ಮದು ಹದಿನೆಂಟು ದಿನಕ್ಕೇ ಹೋಯಿತು ಎಂದು ಬರೆದರು. ಇಲ್ಲಿಯ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಆ ಪತ್ರ ಓದಿ ಅವರು ಹೊಟ್ಟೆ ಹಿಡಿದು ನಕ್ಕರು.

“ಪುಸ್ತಕ ನೋಡಿ ಮಾಡಿದ್ರೆ ಬರುತ್ತಾ? ಕೈಗುಣ ಬೇಕು, ಕೈಗುಣ! ಅದು ನಮ್ಮಕ್ಕನ ಹತ್ರ ಇದೆ, ಅವರ ಹತ್ರ ಇಲ್ಲ.”

ಒಬ್ಬರು ನೆಟ್ಟ ಗಿಡ ಚಿಗುರುತ್ತದೆ, ಅದೇ ಮಣ್ಣಿನಲ್ಲಿ ಇನ್ನೊಬ್ಬರು ನೆಟ್ಟದ್ದು ಒಣಗುತ್ತದೆ. ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ಅದು. ಆ ಮಾತು ಬಂದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ. ಇಷ್ಟೊಂದು ಓದಿದವರೂ ಕೇಳಲಿಲ್ಲ. ಸಭೆಯಲ್ಲಿ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿದರು, ಜನ ಚಪ್ಪಾಳೆ ತಟ್ಟಿದರು, ಫೋಟೋ ಗೋಡೆಗೇರಿತು. ಗಾಜು ತೊಳೆಯಲು ಬಂದ ಹೆಂಗಸಿಗೆ ಅದೆಷ್ಟು ಸುಖವಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದು ಮೂರು ದಿನ ನಾದಿನಿಗೆ ಅದೇ ಕಥೆ ಹೇಳಿದಳು. ನಾಲ್ಕನೇ ದಿನ ನಾದಿನಿ, “ಸರಿ ಜಿಡ್ಡಮ್ಮ, ಆ ಬಂಗಾರದ ಕೈಯಿಂದ ಈ ಬಟ್ಟೆ ಒಣಗಾಕು” ಅಂದಳು.

ಆ ಬಟ್ಟೆಯೇ ಮುಳುವಾಯಿತು ಅನ್ನಿ. ಒಂದು ದಿನ ಬಕೆಟ್ ಹಿಡಿದು ಮಹಡಿ ಹತ್ತುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್, ಆರು ವಾರ ರಜೆ.

ಸೋಮವಾರದ ಕೆಲಸ ಉಗುರಿನ ಹುಡುಗಿಯ ಪಾಲಿಗೆ ಬಂತು. ಅವಳು ಮೂರು ವರ್ಷದಿಂದ ಇಂಥ ಪದರಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಅಕ್ಕನ ಪದರ ಇಷ್ಟು ದಿನ ಯಾಕೆ ಬಾಳುತ್ತದೆ ಎಂಬುದೇ ಈಗ ಅವಳ ಪ್ರಬಂಧ. ಯೋಚನೆಗೆ ಬಿದ್ದರೆ ಉಗುರು ಕಚ್ಚುತ್ತಾಳೆ, ಯೋಚನೆಗೆ ಬೀಳದ ಹೊತ್ತೇ ಇಲ್ಲ, ಹಾಗಾಗಿ ಆ ಹೆಸರು. ಒಂದು ಮಾತನ್ನು ಮೂರು ಸಲ ಕೇಳುವಳು, ಗೋಡೆಯ ಮೇಲೆ ಬರೆದಿದ್ದನ್ನು ಅಕ್ಷರ ಬಿಡದೆ ಪಾಲಿಸುವಳು. ಅಕ್ಕನ ಮೇಜಿನ ಮೇಲ್ಗಡೆ ಗೋಡೆಗೆ ಅಕ್ಕನ ಕೈಬರಹದಲ್ಲೇ ಆರು ಸಾಲಿನ ನಿಯಮಪಟ್ಟಿ ಅಂಟಿಸಿತ್ತು. ಹೊಸದಾಗಿ ಬಂದ ಮಕ್ಕಳಿಗೆ ಅಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ನಾಲ್ಕನೇ ಸಾಲು ಹೀಗಿತ್ತು: ‘ಪ್ರತಿ ಸಲವೂ ಹೊಸ ಆಲ್ಕೋಹಾಲ್. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು.’

ಹುಡುಗಿ ಅಕ್ಕನ ನೀಲಿ ಮುಚ್ಚಳದ ಬಾಟಲಿಯನ್ನು ಗೌರವದಿಂದ ಬೀರುವಿನಲ್ಲಿಟ್ಟು, ಪ್ರತಿ ಸೋಮವಾರ ಸೀಲು ಒಡೆದು ಹೊಸ ಬಾಟಲಿ ತೆರೆದಳು. ಎರಡನೇ ವಾರ ಹನಿ ನೂರ ಮೂರಕ್ಕಿಳಿಯಿತು. ನಾಲ್ಕನೇ ವಾರ ತೊಂಬತ್ತು. ಐದನೇ ವಾರ ಎಂಬತ್ತೊಂದು. ಹನ್ನೊಂದು ತಿಂಗಳು ಬಾಳಿದ್ದು ಒಂದು ತಿಂಗಳಲ್ಲಿ ನೆಲಕಚ್ಚಿತು. ಮೇಷ್ಟ್ರು ಎಲ್ಲರೆದುರು ಅವಳ ಬೆರಳುಗಳನ್ನು ನೋಡಿ, “ಈ ಕೈಗೆ ನಾನು ಆ ಡಬ್ಬಿ ಕೊಡಬಾರದಿತ್ತು” ಅಂದರು. ಅಷ್ಟೇ ಅಂದದ್ದು. ಅಷ್ಟು ಸಾಕಿತ್ತು.

ಆ ಶನಿವಾರ ಮಧ್ಯಾಹ್ನ ಹುಡುಗಿ ಅಕ್ಕನ ಮನೆ ಹುಡುಕಿಕೊಂಡು ಬಂದಳು. ಹತ್ತು ಬೆರಳ ತುದಿಗೂ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು, ಉಗುರು ಕಚ್ಚಬಾರದೆಂದು. ಅಂಗೈಗಳು ತೊಳೆದು ತೊಳೆದು ಕೆಂಪಾಗಿದ್ದವು. ಅಕ್ಕ ಚಹಾ ಕೊಟ್ಟಳು. ಹುಡುಗಿ ಸ್ಟೀಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

“ಅಕ್ಕ, ನಾನೇನ್ ತಪ್ಪು ಮಾಡ್ದೆ? ನೀವೇ ಹೇಳಿ. ನೀವು ಬರೆದಿಟ್ಟಿದ್ದನ್ನ ಒಂದಕ್ಷರ ಬಿಡದೆ ಮಾಡಿದೀನಿ.” ಹಾಗೆಂದು ಒಂದೊಂದೇ ಹೆಜ್ಜೆಯನ್ನು ಒಪ್ಪಿಸಿದಳು. ಗ್ಲೌಸ್ ಯಾವುದು, ಬಾಟಲಿ ಎಲ್ಲಿಯದು, ಗಾಳಿ ಎಷ್ಟು ಊದಿದ್ದು.

ಅಕ್ಕ ಕೇಳಿಸಿಕೊಂಡಳು ಅಂತ ಹೇಳಲಾಗದು. ಹುಡುಗಿಯ ಮೇಲೆ ಕನಿಕರವಿತ್ತು, ನಿಜ. ಆದರೆ ಕನಿಕರದ ಕೆಳಗೆ ಬೆಚ್ಚಗೆ ಇನ್ನೊಂದು ಸಂತೋಷ ಕೂತಿತ್ತು. ತಾನಿಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ, ನೋಡಿದಿರಾ!

“ನಿನ್ ತಪ್ಪೇನಿಲ್ಲ ಕಣಮ್ಮ,” ಅಂದಳು. “ಕೆಲವರ ಕೈ ಸ್ವಲ್ಪ ಒರಟು. ಅದಕ್ಕೆ ಯಾರೇನ್ ಮಾಡೋಕಾಗುತ್ತೆ?”

ಹುಡುಗಿ ತಲೆಯಾಡಿಸಿ, ಲೋಟ ಕೆಳಗಿಟ್ಟು, “ಬರ್ತೀನಕ್ಕ” ಎಂದು ಇಳಿದು ಹೋದಳು.

ಅಕ್ಕ ಎಡಗೈಯಲ್ಲೇ ಲೋಟ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಬೇಸಿನ್ನಿನಲ್ಲಿ ಎಣ್ಣೆ ಬಾಣಲೆ ತೊಳೆದ ನೀರು ಇನ್ನೂ ಇತ್ತು. ಹೊಸ ನೀರು ಯಾಕೆ ಹಾಳು ಎಂದು ಅದರಲ್ಲೇ ಲೋಟ ಅದ್ದಿ ತೆಗೆದಳು. ನಾದಿನಿ ಹೊಲಿಗೆ ಬಿಟ್ಟು ನೀರು ಕುಡಿಯಲು ಬಂದವಳು ಅದನ್ನು ಕಂಡು ಸಿಡಿಮಿಡಿಗೊಂಡಳು.

“ನೋಡತ್ತಿಗೆ, ನೋಡು! ಚಹಾ ಕುಡಿದ ಲೋಟದಲ್ಲಿ ಎಣ್ಣೆ ಎಲ್ಲಿತ್ತು? ತೊಳೆದಿದ್ದರಿಂದ್ಲೇ ಜಿಡ್ಡಾಗಿದೆ. ನೀರು ಹೆಂಗೆ ಮಣಿಮಣಿಯಾಗಿ ನಿಂತಿದೆ ನೋಡು, ಜಿಡ್ಡಮ್ಮ!”

ಅಕ್ಕ ನೋಡಿದಳು. ಸ್ಟೀಲಿನ ಮೇಲೆ ನೀರು ಉರುಟುರುಟಾಗಿ ನಿಂತಿತ್ತು. ಹನ್ನೊಂದು ತಿಂಗಳು ಪ್ರತಿ ಸೋಮವಾರ ನೋಡಿದ ಅದೇ ಹನಿ.

ಅವಳಿಗೆ ನೀಲಿ ಮುಚ್ಚಳದ ಬಾಟಲಿ ನೆನಪಾಯಿತು. ಏಳೆಂಟು ವರ್ಷದ ಹಿಂದೆ ಒಮ್ಮೆ ಆಲ್ಕೋಹಾಲ್ ಬರುವುದು ಮೂರು ತಿಂಗಳು ತಡವಾಗಿತ್ತು. ಇದ್ದುದನ್ನು ಸರಿದೂಗಿಸಲು ಅವಳು ತಟ್ಟೆಯಲ್ಲಿ ಉಳಿದದ್ದನ್ನು ಬಾಟಲಿಗೇ ವಾಪಸು ಸುರಿಯತೊಡಗಿದಳು. ಪದರ ಕಟ್ಟಲು ಮುಳುಗಿಸಿಟ್ಟ ಜಾಡಿಯಲ್ಲಿ ಉಳಿದದ್ದೂ ನೀರಿನಷ್ಟೇ ತಿಳಿಯಾಗಿ ಕಾಣುತ್ತಿತ್ತು, ಅದರಲ್ಲಿ ಕರಗಿದ್ದ ಅಣುಗಳ ಸಮೇತ ಅದನ್ನೂ ಸುರಿದಳು. ಆಮೇಲೆ ಆಲ್ಕೋಹಾಲ್ ಬೇಕಾದಷ್ಟು ಬಂತು, ಅಭ್ಯಾಸ ಹೋಗಲಿಲ್ಲ. ಆ ಅಣುಗಳಿಗೆ ಕೊಳೆತ ಬೆಳ್ಳುಳ್ಳಿಯಂಥ ಒಂದು ವಾಸನೆ ಇದೆ, ಆದರೆ ಅವಳ ಮೂಗು ಅದಕ್ಕೆ ಎಂದೋ ಮರಗಟ್ಟಿಹೋಗಿತ್ತು. ಗೋಡೆಯ ಮೇಲೆ ‘ಮತ್ತೆ ಬಳಸಬಾರದು’ ಎಂದು ಬರೆದವಳೇ ಅವಳು, ಓದಿ ಹೇಳುತ್ತಿದ್ದವಳೇ ಅವಳು, ಸುರಿಯುತ್ತಿದ್ದವಳೂ ಅವಳೇ. ಪ್ರತಿ ಸೋಮವಾರ ಅವಳು ಪದರವನ್ನು ತೊಳೆಯುತ್ತಿರಲಿಲ್ಲ. ಕಳಚಿಹೋದ ಅಣುಗಳ ಜಾಗಕ್ಕೆ ಹೊಸ ಅಣುಗಳನ್ನು ತುಂಬಿ ತೇಪೆ ಹಾಕುತ್ತಿದ್ದಳು. ಪದರ ತಾನಾಗಿ ಬಾಳಿದ್ದೂ ಅಲ್ಲ, ಅದು ಕೈಗುಣವೂ ಅಲ್ಲ.

ಅಡಿಗೆಮನೆ ಕಿಟಕಿಯಿಂದ ಬಸ್‌ಸ್ಟಾಪು ಕಾಣುತ್ತದೆ. ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಕಿಟಕಿ ತೆರೆದೇ ಇತ್ತು. ‘ಏಯ್ ಹುಡುಗಿ, ಬಾ ಇಲ್ಲಿ’ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅಕ್ಕನ ಬಾಯಿ ತೆರೆಯಿತು, ಮುಚ್ಚಿತು. ಬಸ್ಸು ಬಂತು. ಹುಡುಗಿ ಹತ್ತಿ ಹೋದಳು.

ಯಾಕೆ ಕೂಗಲಿಲ್ಲ ಎಂದರೆ ಅದಕ್ಕೆ ಸುತ್ತುಬಳಸಿನ ಉತ್ತರ ಬೇಡ. ಆ ಒಂದು ಮಾತನ್ನು ಬಿಟ್ಟರೆ ಅವಳ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೆ ಏನೂ ಇರಲಿಲ್ಲ. ಓದಿರಲಿಲ್ಲ, ಮಕ್ಕಳಿರಲಿಲ್ಲ, ಇದ್ದದ್ದು ಕೈಗುಣ. ಅದೂ ಸುಳ್ಳೆಂದು ತಾನೇ ಹೇಗೆ ಹೇಳುವುದು? ಈ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದರೂ ಬಾಯಿ ಬಿಡಲಿಲ್ಲ. ನಾದಿನಿ ಲೋಟವನ್ನು ಹೊಸ ನೀರಿನಲ್ಲಿ ತೊಳೆದು ಬೋರಲು ಹಾಕಿದಳು.

ಪ್ಲಾಸ್ಟರ್ ಬಿಚ್ಚಿದ ಮೇಲಿನ ಸೋಮವಾರ ಅಕ್ಕ ಕೆಲಸಕ್ಕೆ ಹೋದಳು. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದದ್ದು ನೋಡಿಕೊಂಡು, ಕಳ್ಳಿಯ ಹಾಗೆ, ಕೆಟ್ಟುಹೋದ ಒಂದು ಚೂರನ್ನು ತೆಗೆದು ನೀಲಿ ಮುಚ್ಚಳದ ಬಾಟಲಿಯ ದ್ರವದಲ್ಲಿ ಕಾಲು ಗಂಟೆ ಇಟ್ಟಳು. ಎಂಬತ್ತಿದ್ದದ್ದು ನೂರ ಎರಡಾಯಿತು. ಇನ್ನು ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಬಾಟಲಿಯನ್ನು ಸಿಂಕಿಗೆ ಸುರಿದುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ ಅನ್ನಿಸಿ ಸಿಂಕಿನ ಮುಂದೆ ಹೋಗಿ ನಿಂತಳು. ಮುಚ್ಚಳ ಬಿಚ್ಚಿ ಬಾಗಿಸಿದಳು. ಸುರಿಯಲು ಕೈ ಬರಲಿಲ್ಲ. ಅರ್ಧ ಬಾಟಲಿ ಆಲ್ಕೋಹಾಲ್! ತಪ್ಪು ಮುಚ್ಚಿಕೊಳ್ಳುವುದಕ್ಕೂ ಚೆಲ್ಲಲಾರದ ಹೆಂಗಸು ಅವಳು.

ಮುಂದಿನ ಸೋಮವಾರ ಇನ್ನೂ ಕೆಟ್ಟದಾಯಿತು. ಮೇಷ್ಟ್ರು ಎಲ್ಲರನ್ನೂ ಅವಳ ಮೇಜಿನ ಸುತ್ತ ಸೇರಿಸಿ, “ಅಕ್ಕ, ನಿಮ್ಮ ಕೈಯಲ್ಲೊಂದು ಸಲ ತೊಳೆದು ನೋಡೋಣ, ಏನಾದ್ರೂ ಉಳಿದಿದೆಯಾ ಅಂತ” ಅಂದರು. ಬೇಡ ಅನ್ನಬಹುದಿತ್ತು. ಹೊಸ ಬಾಟಲಿ ತೆಗೆಯಬಹುದಿತ್ತು, ಹನಿ ಚಪ್ಪಟೆಯಾಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಅವಳ ಕೈ ತಾನಾಗಿ ನೀಲಿ ಮುಚ್ಚಳದ ಕಡೆ ಹೋಯಿತು. ತಾನಾಗಿ ಎಂದು ಅವಳು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು, ಆದರೆ ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಕಾಲು ಗಂಟೆಯಾದ ಮೇಲೆ ಹನಿ ಬಿಟ್ಟಳು. ನೂರ ಮೂರು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. “ಸತ್ತಿದ್ದನ್ನ ಎಬ್ಬಿಸಿದ್ರಿ!” ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗಿ ನಗಲಿಲ್ಲ. ಮುಂದೆ ಬಂದು, ಪಟ್ಟಿ ಸುತ್ತಿದ ಬೆರಳುಗಳಿಂದ ಅಕ್ಕನ ಮಣಿಕಟ್ಟನ್ನು ಹಗುರಾಗಿ ಮುಟ್ಟಿ, “ನಿಜವಾಗ್ಲೂ ನನ್ನ ಕೈಯೇ ಸರಿಯಿಲ್ಲ ಅಕ್ಕ” ಅಂದಳು. ಅವಳ ಕಣ್ಣು ತುಂಬಿತ್ತು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅಕ್ಕನಿಗೆ. ಮೂರನೇ ಮಹಡಿಯ ನೆಲ ಬಿರಿದರೆ ಎರಡನೇ ಮಹಡಿಯ ಗುಮಾಸ್ತರ ತಲೆ ಮೇಲೆ ಬೀಳುತ್ತಿದ್ದಳು, ಅಷ್ಟೆ. ಅಲ್ಲೂ ಅವರು, ಬನ್ನಿ ಅಕ್ಕ, ನಿಮ್ಮ ಫೋಟೋ ನೋಡಿದ್ವಿ ಅನ್ನುತ್ತಿದ್ದರು.

ಶುಕ್ರವಾರ ಹುಡುಗಿ ಅಕ್ಕನ ಮೇಜಿನ ಹತ್ತಿರ ಬಂದಳು. ಬರುವ ಸೋಮವಾರ ಪರಿಶೀಲನೆಗೆ ಹೊರಗಿನ ಇಬ್ಬರು ಬರುತ್ತಾರೆ, ಅವರೆದುರು ತನ್ನಿಂದ ಚೂರುಗಳು ಹಾಳಾದವೆಂದು ತಾನೇ ಒಪ್ಪಿಕೊಂಡು ಸಂಶೋಧನೆ ಬಿಡುತ್ತೇನೆ ಎಂದಳು. ಅಳಲಿಲ್ಲ. ಕೋಟಿನ ಜೇಬಿನಿಂದ ಒಂದು ಉದ್ದನೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಚಿಮಟ, ತುದಿ ಕೂದಲಿನಷ್ಟು ಸಣ್ಣ, ಹೊಚ್ಚ ಹೊಸದು.

“ಪ್ರಬಂಧ ಮುಗಿದ್ಮೇಲೆ ಉಪಯೋಗಿಸೋಣ ಅಂತ ತಗೊಂಡಿದ್ದೆ. ನನ್ ಕೈಗೆ ಇದ್ಯಾಕೆ, ನೀವಿಟ್ಕೊಳ್ಳಿ ಅಕ್ಕ.”

“ಇರ್ಲಿ ಬಿಡಮ್ಮ” ಎಂದಷ್ಟೇ ಹೊರಟಿತು ಅಕ್ಕನ ಬಾಯಿಂದ. ಏನು ಇರಲಿ, ಯಾರು ಬಿಡಬೇಕು, ಅದು ಅವಳಿಗೇ ಗೊತ್ತಿರಲಿಲ್ಲ. ಎರಡು ದಿನ ಆ ಡಬ್ಬಿ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು. ಭಾನುವಾರ ನಾದಿನಿ ತೆರೆದು ನೋಡಿ, ದಾರ ಎಳೆಯೋಕೆ ಚೆನ್ನಾಗಿದೆ ಎಂದು ಕೈ ಹಾಕಿದಾಗ ಅಕ್ಕ ಎಂದೂ ಇಲ್ಲದವಳು ಕಿರುಚಿದಳು. ಆಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಕಿಟಕಿಯ ವಿಷಯ ಒಂದನ್ನು ಬಿಟ್ಟು.

ನಾದಿನಿ ಬಹಳ ಹೊತ್ತು ಗುಂಡಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಾ ಕೂತಳು. ಬೈಯುತ್ತಾಳೆಂದು ಅಕ್ಕ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಅತ್ತಿಗೆ, ಆ ಹುಡುಗಿ ಲೋಟ ಕೆಳಗಿಟ್ಟಾಗ ನಾನು ನೋಡಿದೆ,” ಅಂದಳು ಕೊನೆಗೆ. “ಶಬ್ದ ಆಗದ ಹಾಗೆ ಇಟ್ಳು. ಅಷ್ಟು ಮೆತ್ತಗೆ ನೀನೂ ಇಡಲ್ಲ.”

ಸೋಮವಾರ ಹೊರಗಿನ ಇಬ್ಬರು ಬಂದರು. ಮೇಷ್ಟ್ರು ಅವರನ್ನು ಮೊದಲು ಅಕ್ಕನ ಮೇಜಿಗೇ ಕರೆತಂದರು, ಕೈಗುಣ ತೋರಿಸಲೆಂದು. ಹುಡುಗಿ ಬಾಗಿಲ ಹತ್ತಿರ ಒಂದು ಕಾಗದ ಹಿಡಿದು ನಿಂತಿದ್ದಳು. ಅಕ್ಕ ಎರಡು ಗಾಜಿನ ತಟ್ಟೆ ಇಟ್ಟಳು. ಒಂದಕ್ಕೆ ನೀಲಿ ಮುಚ್ಚಳದ ಬಾಟಲಿಯಿಂದ ಸುರಿದಳು, ಇನ್ನೊಂದಕ್ಕೆ ಸೀಲು ಒಡೆದು ಹೊಸ ಬಾಟಲಿಯಿಂದ. ಆಮೇಲೆ ಬಾಗಿಲ ಕಡೆ ತಿರುಗಿದಳು.

“ಬಾಮ್ಮ ಇಲ್ಲಿ. ಆ ಬೆರಳಿನ ಪಟ್ಟಿಗಳನ್ನ ಕಿತ್ತಾಕು. ಗ್ಲೌಸ್ ಹಾಕ್ಕೋ. ಎರಡೂ ಚೂರು ನೀನೇ ತೊಳಿ.”

“ನಾನಾ?”

“ನೀನೇ. ನಾನು ಮುಟ್ಟಲ್ಲ.” ಹಾಗೆಂದು ಅಕ್ಕ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಹುಡುಗಿ ಬಿಟ್ಟುಹೋಗಿದ್ದ ಹೊಸ ಚಿಮಟ ಮೇಜಿನ ಮೇಲಿತ್ತು. ಮೇಷ್ಟ್ರ ಹುಬ್ಬು ಮೇಲೇರಿತು. ಕಾಲು ಗಂಟೆ ಚೂರುಗಳು ತಟ್ಟೆಗಳಲ್ಲಿ ಮುಳುಗಿ ಮಲಗಿದ್ದವು. ಹುಡುಗಿ ಚೂರುಗಳನ್ನು ಎತ್ತಿದಳು, ಊದಿ ಒಣಗಿಸಿದಳು, ಹನಿ ಬಿಟ್ಟಳು. ಕೈ ಒಂದಿಷ್ಟೂ ಅಲುಗಲಿಲ್ಲ. ಹೊಸ ಬಾಟಲಿಯದು ಎಂಬತ್ತು. ನೀಲಿ ಮುಚ್ಚಳದ್ದು ನೂರ ಐದು, ಅಕ್ಕ ಎಬ್ಬಿಸಿದ್ದಕ್ಕಿಂತ ಎರಡು ಡಿಗ್ರಿ ಜಾಸ್ತಿ.

“ಇದೇನಿದು?” ಅಂದರು ಮೇಷ್ಟ್ರು.

“ಕೈ ಅಲ್ಲ ಸರ್, ಬಾಟಲಿ.” ಅಕ್ಕ ನೆಲ ನೋಡುತ್ತಲೇ ಹೇಳಿದಳು. ತಟ್ಟೆಯಲ್ಲಿ ಉಳಿದದ್ದನ್ನು, ಜಾಡಿಯಲ್ಲಿ ಉಳಿದದ್ದನ್ನು ವಾಪಸು ಸುರಿಯುತ್ತಿದ್ದೆ, ಎಷ್ಟೋ ವರ್ಷದಿಂದ. ನಾಲ್ಕನೇ ಸಾಲನ್ನು ನಾನೇ ಬರೆದು ನಾನೇ ಮೀರಿದೆ. ಅದನ್ನು ಪಾಲಿಸಿದ್ದು ಈ ಹುಡುಗಿ ಒಬ್ಬಳೇ, ಪಾಲಿಸಿದ್ದಕ್ಕೇ ಬೈಸಿಕೊಂಡಳು.

ಮೇಷ್ಟ್ರು ಸ್ಟೂಲೆಳೆದುಕೊಂಡು ಕೂತರು. ಅವರ ಮುಖದ ಬಣ್ಣ ಹೋಗಿತ್ತು, ಹನ್ನೊಂದು ತಿಂಗಳ ಲೆಕ್ಕವನ್ನು ಅವರು ಊರಿಗೆಲ್ಲ ಸಾರಿದ್ದರು. ಅತಿಥಿಗಳಲ್ಲಿ ಹಿರಿಯರೊಬ್ಬರು ಬಾಟಲಿ ಎತ್ತಿ ಮೂಸಿ ಮೂಗು ಮುರಿದು, ಆಮೇಲೆ ಮೆಲ್ಲಗೆ, ತೊಳೆಯುವಾಗಲೇ ಪದರ ರಿಪೇರಿಯಾಗುತ್ತೆ ಅಂದ್ರೆ ಅದೂ ಒಂದು ಒಳ್ಳೇ ವಿಷಯವೇ ಅಲ್ಲವೇ ಅಂದರು. ಮೇಷ್ಟ್ರು ತಲೆಯೆತ್ತಿದರು. ಅರ್ಧ ಗಂಟೆಯೊಳಗೆ ಮೂವರೂ ಬೋರ್ಡಿನ ಮುಂದೆ ನಿಂತು ಕೂಗಾಡತೊಡಗಿದರು. ಹಳೆಯ ಲೇಖನಕ್ಕೆ ತಿದ್ದುಪಡಿ ಕಳಿಸುವುದು, ಹೊಸ ವಿಷಯ ಹುಡುಗಿಗೇ ಕೊಡುವುದು ಎಂದು ತೀರ್ಮಾನವಾಯಿತು. ಮೇಷ್ಟ್ರು ಹುಡುಗಿಯ ಹತ್ತಿರ ಬಂದು, ಎಲ್ಲರೆದುರೇ, ತಪ್ಪಾಯಿತಮ್ಮ ಅಂದರು. ಅಕ್ಕನ ಕಡೆ ತಿರುಗಿ, “ಫೋಟೋ ಅಲ್ಲೇ ಇರ್ಲಿ. ನಿಜ ಹೇಳಿದ ಕೈ ಅದು” ಎಂದು ಅವಳನ್ನೂ ಹೊಗಳಿಬಿಟ್ಟರು. ಯಾರಾದರೂ ಒಬ್ಬರು ತನ್ನನ್ನು ಬೈಯಬಾರದೇ ಎಂದು ಅವಳು ಎಲ್ಲರ ಮುಖವನ್ನೂ ನೋಡಿದಳು.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಹುಡುಗಿ ಒಬ್ಬಳೇ ಉಳಿದಳು. ಸಂತೋಷವಾಗಿರುತ್ತಾಳೆ ಅಂದುಕೊಂಡಿದ್ದಳು ಅಕ್ಕ. ಹುಡುಗಿ ಗ್ಲೌಸ್ ಕಳಚಿ, ಕಾಗದವನ್ನು ನಾಲ್ಕಾಗಿ ಮಡಿಸಿ, ಒಂದೇ ಒಂದು ಪ್ರಶ್ನೆ ಕೇಳಿದಳು.

“ನಿಮಗೆ ಯಾವಾಗ ಗೊತ್ತಾಯ್ತು?”

ನಿನ್ನೆ ಎನ್ನಬಹುದಿತ್ತು. ಇವತ್ತು ಬೆಳಿಗ್ಗೆ ಎಂದರೂ ಯಾರೂ ಕೇಳುವವರಿರಲಿಲ್ಲ.

“ನೀನು ನಮ್ಮನೆಗೆ ಬಂದಿದ್ಯಲ್ಲ, ಅವತ್ತು,” ಅಂದಳು ಅಕ್ಕ. “ನೀನು ಕುಡಿದ ಲೋಟ ತೊಳೀತಾ. ಕಿಟಕಿಯಿಂದ ಬಸ್‌ಸ್ಟಾಪ್ ಕಾಣ್ತಿತ್ತು. ನೀನು ಇನ್ನೂ ಅಲ್ಲೇ ನಿಂತಿದ್ದೆ. ನಾನು ಕೂಗ್ಲಿಲ್ಲ.”

ಹುಡುಗಿ ಮನಸ್ಸಿನಲ್ಲೇ ಎಣಿಸಿದ್ದು ಅವಳ ತುಟಿಯ ಮೇಲೆ ಕಂಡಿತು. ಇಪ್ಪತ್ಮೂರು ದಿನ. ಅವಳ ಕೈ ಉಗುರು ಕಚ್ಚಲು ಬಾಯಿಯ ಹತ್ತಿರ ಹೋಗಿ ನಿಂತು, ಕೆಳಗಿಳಿಯಿತು. ಬೈಯಲಿಲ್ಲ, ಅಳಲಿಲ್ಲ. ಮೇಜಿನ ಮೇಲಿದ್ದ ತನ್ನ ಚಿಮಟವನ್ನು ಒರೆಸಿ ಡಬ್ಬಿಗೆ ಹಾಕಿ ಜೇಬಿಗಿಟ್ಟುಕೊಂಡು ಹೊರಟುಹೋದಳು.

ಇದೆಲ್ಲ ಆಗಿ ಒಂದು ವರ್ಷವಾಗುತ್ತಾ ಬಂತು. ಹುಡುಗಿಯ ಕೆಲಸ ಚೆನ್ನಾಗಿ ನಡೆದಿದೆ, ಉಗುರುಗಳೂ ಬೆಳೆದಿವೆ. ಸೋಮವಾರದ ಚೂರುಗಳನ್ನು ಈಗ ಅವಳೇ ತೊಳೆಯುತ್ತಾಳೆ, ಅಕ್ಕ ಪಕ್ಕದಲ್ಲಿ ಕೂತು ಅಂಕಿ ಬರೆದುಕೊಳ್ಳುತ್ತಾಳೆ. ಮನೆಯಲ್ಲಿ ಒಂದು ಪಾತ್ರೆಗೆ ಒಂದು ನೀರು, ಅದರಲ್ಲಿ ಮಾತಿಲ್ಲ. ನಾದಿನಿ ಜಿಡ್ಡಮ್ಮ ಎನ್ನುವುದನ್ನೂ ಬಿಟ್ಟಿದ್ದಾಳೆ. “ಹೇಳಿದ್ಯಲ್ಲ ಅತ್ತಿಗೆ, ಎಲ್ಲ ಸರಿಹೋಯ್ತು, ಇನ್ನೂ ಯಾಕೆ ಮುಖ ಹಿಂಗಿಟ್ಕೊಂಡಿದ್ದೀಯ?” ಎಂದು ಆಗಾಗ ಕೇಳುತ್ತಾಳೆ. ಅಕ್ಕ ಏನೂ ಇಲ್ಲ ಅನ್ನುತ್ತಾಳೆ.

ಈ ವಾರ ಹೊಸದಾಗಿ ಇಬ್ಬರು ಸೇರಿದರು. ಗೋಡೆಯ ಮೇಲಿನ ನಿಯಮಗಳನ್ನು ಹುಡುಗಿ ಅವರಿಗೆ ಓದಿ ಹೇಳಿದಳು. ಅವರಲ್ಲೊಬ್ಬಳು ಮೂಲೆಯಲ್ಲಿ ಕೂತಿದ್ದವಳನ್ನು ತೋರಿಸಿ, “ಇವರು ಯಾರು? ಚಿಮಟದಕ್ಕ ಅಂದ್ರೆ ಇವರೇನಾ?” ಎಂದು ಕೇಳಿದಳು. ಅಕ್ಕ ಪೆನ್ನು ಹಿಡಿದವಳು ಹಾಗೆಯೇ ಕಾದಳು.

“ಅವರು ಇಲ್ಲಿಯ ಹಳಬರು,” ಅಂದಳು ಹುಡುಗಿ, ಬಹಳ ಮರ್ಯಾದೆಯಿಂದ. ಆಮೇಲೆ ಹೊಸ ಬಾಟಲಿಯ ಸೀಲು ಒಡೆದು ಈ ಕಡೆ ತಿರುಗಿದಳು. “ಬರ್ಕೊಳ್ಳಿ ಮೇಡಂ. ಒಂದನೇ ಚೂರು.”

ಅಕ್ಕ ಬರೆದುಕೊಂಡಳು.